ಕಂಪ್ಯೂಟರು ಗಡಿಯಾರ ಹುಡುಕಿದ ದಿನ

ತಪ್ಪನ್ನು ಒಪ್ಪಿಕೊಳ್ಳುವುದಕ್ಕಿಂತ ಪ್ರಿಂಟ್ ತೆಗೆದು ಕೊಡುವುದು ಸುಲಭ. ಕಚೇರಿಗೆ ಕಂಪ್ಯೂಟರು ಬಂದ ಮೇಲೆ ನಾನು ಕಲಿತ ವಿದ್ಯೆ ಇದೊಂದೇ. ಶಹಾಪುರದಲ್ಲಿ ಕಾಲುವೆಯ ನೀರಿನ ಪಾಳಿ ಬರೆಯುವ ಗುಮಾಸ್ತ ನಾನು. ಇವತ್ತು ಯಾರ ಹೊಲಕ್ಕೆ ನೀರು ಎಂಬುದನ್ನು ಕಂಪ್ಯೂಟರು ತಾರೀಖು ನೋಡಿ ಹೇಳುತ್ತದೆ, ನಾನು ಸಹಿ ಹಾಕುತ್ತೇನೆ. ಹಬ್ಬದ ರಜೆ ಮುಗಿಸಿ ಬಂದು ಆ ಬೆಳಿಗ್ಗೆಯೂ ಹಾಗೇ ಚೀಟಿ ತೆಗೆದು ಕಾಲುವೆಯ ಗೇಟಿನವನಿಗೆ ಕಳಿಸಿದ್ದೆ. ಸ್ವಲ್ಪ ಹೊತ್ತಿಗೆ ದೋರನಹಳ್ಳಿಯ ನಿಂಗಮ್ಮ ಕೆಸರುಗಾಲಲ್ಲೇ ಒಳಗೆ ಬಂದಳು.

"ಸಾಹೇಬ್ರ, ಇವತ್ತ ನಮ್ಮ ಪಾಳಿ ಅದರಿ. ಗೇಟ್ ತೆಗೀವಲ್ಲ. ಹಚ್ಚಿದ ನೆಲ್ಲು ಒಣಗಾಕತ್ತದ."

"ನಿನ್ನ ಪಾಳಿ ಇನ್ನೂ ದೂರ ಅದ ನೋಡಮ್ಮ. ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ" ಎಂದು ಪರದೆಯನ್ನು ಗತ್ತಿನಿಂದ ಅವಳತ್ತ ತಿರುಗಿಸಿದೆ.

ಅವಳು ಬಗ್ಗಿ ಅದರ ಮೇಲಿನ ತಾರೀಖು ಓದಿದಳು. "ಈ ಇಸವ್ಯಾಗ ನಂದು ಮದಿವೀನೇ ಆಗಿದ್ದಿಲ್ಲರಿ!"

ಪರದೆಯನ್ನು ಅವಸರದಲ್ಲಿ ನನ್ನತ್ತ ತಿರುಗಿಸಿಕೊಂಡೆ. ಗೇಟಿನವನಿಗೆ ಫೋನು ಮಾಡಿ ನೀರು ಬಿಡಿಸಿದೆ. ಆದರೆ ನಿಂಗಮ್ಮ ಕದಲಲಿಲ್ಲ. "ಚೀಟಿ ಕೈಯಾಗ ಬರೋತನ ಹೋಗಂಗಿಲ್ರಿ" ಎಂದು ಬೆಂಚಿನ ಮೇಲೆ ಕುಳಿತಳು.

ಕಂಪ್ಯೂಟರ್ ರಿಪೇರಿಯ ಶಾಹೀನ್ ಬಂದು ಡಬ್ಬಿ ಬಿಚ್ಚಿ, ನಾಣ್ಯದಷ್ಟು ಅಗಲದ ಸೆಲ್ ತೆಗೆದರು. "ಇದು ಸತ್ತದರಿ. ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರ ಇದರ ಮ್ಯಾಲೇ ನಡೀತದ. ಕಂಪ್ಯೂಟರ್ ಎದ್ದ ಕೂಡ್ಲೆ ತಾರೀಖು ಕೇಳೋದು ಅದನ್ನೇ."

"ಅದೊಂದೇ ಗಡಿಯಾರಾನ?"

"ಇನ್ನೂ ಮೂರ್ನಾಕ ಇರ್ತಾವರಿ. ಅವು ತಾರೀಖು ಹೇಳಂಗಿಲ್ಲ, ಬರೇ ಹೊತ್ತು ಅಳೀತಾವ. ಏಳೋವಾಗ ಕಂಪ್ಯೂಟರ್ ಯಾವ್ಯಾವ ಅದಾವ ಅಂತ ಪಟ್ಟಿ ನೋಡ್ತದ. ಪಟ್ಟ್ಯಾಗ ಹೆಸರಿದ್ರ ಸಾಕಾಗಂಗಿಲ್ಲ, ಖರೇನೇ ಓಡಾಕತ್ತದೇನು ನೋಡ್ತದ. ಒಂದರ ಜೋಡಿ ಇನ್ನೊಂದನ್ನ ಅಳೀತದ. ತಪ್ಪಿದ್ದನ್ನ ಬಿಟ್ಟು ನೆಟ್ಟಗಿದ್ದದ್ದನ್ನ ಹಿಡೀತದ."

ಹೊಸ ಸೆಲ್ ಹಾಕಿ ಯಂತ್ರವನ್ನು ಎಬ್ಬಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಏರಿದವು. "ಅಗಾ, ಹುಡುಕಾಕತ್ತದ ನೋಡ್ರಿ" ಎಂದರು ಶಾಹೀನ್. ನಾನು ರೆಪ್ಪೆ ಬಡಿಯುವಷ್ಟರಲ್ಲಿ ಆ ಹುಡುಕಾಟ, ಪರೀಕ್ಷೆ, ಆಯ್ಕೆ ಎಲ್ಲ ಮುಗಿದಿತ್ತು. ನಿಂಗಮ್ಮ ಬೆಂಚಿನಿಂದ ಎದ್ದು ಬಂದು ನನ್ನ ಪಕ್ಕ ನಿಂತಿದ್ದಳು. ದಿನವೂ ಮುಂಜಾನೆ ನಾನು ಚಹಾ ಊದಿಕೊಳ್ಳುತ್ತಾ ಕೂತಿರುವಾಗ ಈ ತಗಡಿನ ಡಬ್ಬಿಯೊಳಗೆ ಇಷ್ಟೊಂದು ಎಚ್ಚರ ನಡೆಯುತ್ತಿತ್ತೆ? ಕೈ ತಾನಾಗಿ ಮುಗಿಯಲು ಹೋಗಿತ್ತು, ತಲೆ ಕೆರೆದುಕೊಂಡು ಮರೆಮಾಚಿದೆ.

"ಈಗ ಖರೇ ತಾರೀಖು ಹಾಕಬೇಕು. ಇವತ್ತೆಷ್ಟರಿ ಸರ್?" ಎಂದು ಶಾಹೀನ್ ಕೇಳಿದರು.

ನಾನು ಗಂಭೀರವಾಗಿ ಕನ್ನಡಕ ಏರಿಸಿಕೊಂಡು ಪರದೆಯನ್ನೇ ನೋಡಿದೆ.

ತಾರೀಖು ಹೇಳಿದವಳು ನಿಂಗಮ್ಮ.