ನಮ್ಮ ಚರ್ಚಿನವರು ಊರಿಗೆ ಮಾಡಿದ ಉಪಕಾರಗಳು

ಒಳ್ಳೆಯ ಕೆಲಸಕ್ಕೆ ಹೊರಟವರಿಗೇ ಇಂಥದ್ದೆಲ್ಲ ಆಗುವುದು. ಮನೆಯಲ್ಲಿ ಸುಮ್ಮನೆ ಕೂತವರಿಗೆ ಎಂತ ಆಗ್ತದೆ, ಬೆನ್ನುನೋವು ಬಿಟ್ಟರೆ?

ನಾನು ಕಡಬದ ಹತ್ತಿರದ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದವ. ನನ್ನ ಅಪ್ಪ ಕೇರಳದಿಂದ ಬಂದು ಇಲ್ಲಿ ರಬ್ಬರ್ ಇಟ್ಟವರು. ನಮ್ಮ ಚರ್ಚಿಗೆ ಬರುವವರೆಲ್ಲ ಹಾಗೆ ಬಂದವರೇ. ಎಪ್ಪತ್ತರ ದಶಕದಲ್ಲಿ ಹೊಸದಾಗಿ ಬಂದ ಪಾದ್ರಿಯವರು, ನಾವು ಅಚ್ಚನ್ ಅನ್ನುವುದು, ಒಂದು ಭಾನುವಾರ ಪೂಜೆ ಮುಗಿಸಿ ನಮ್ಮನ್ನು ಕೂರಿಸಿಕೊಂಡು ಕೇಳಿದರು: "ಈ ಊರು ನಮಗೆ ಮಣ್ಣು ಕೊಟ್ಟಿತು, ನೀರು ಕೊಟ್ಟಿತು. ನಾವು ಊರಿಗೆ ಎಂತ ಕೊಟ್ಟೆವು?"

ಹಿಂದಿನ ಬೆಂಚಿನಿಂದ ಒಬ್ಬರು, "ಮರಗೆಣಸು" ಅಂದರು.

ಅಚ್ಚನ್ ನಗಲಿಲ್ಲ. ಅದೇ ದಿನ ಒಂದು ಸೇವಾ ಸಂಘ ಆಯಿತು. ಕನ್ನಡ ಓದಿ ಬರೆಯಲಿಕ್ಕೆ ಸರಿಯಾಗಿ ಬರುವವ ನಾನೊಬ್ಬನೇ ಅಂತ ನನ್ನನ್ನು ಕಾರ್ಯದರ್ಶಿ ಮಾಡಿದರು. ನನಗೂ ಒಳಗೊಳಗೆ ಸ್ವಲ್ಪ ಹೆಮ್ಮೆಯೇ.

ಸಂಕದ ಉದ್ಘಾಟನೆ

ಮಳೆಗಾಲ ಶುರುವಾದರೆ ಹೊಳೆಯ ಆಚೆ ಬದಿಯ ಮಕ್ಕಳು ನನ್ನ ಶಾಲೆಗೆ ಬರುತ್ತಿರಲಿಲ್ಲ. ದಾಟಲಿಕ್ಕೆ ದಾರಿ ಇಲ್ಲ. ಹಾಜರಿ ಪುಸ್ತಕದಲ್ಲಿ ಮೂರು ತಿಂಗಳು ಆ ಹೆಸರುಗಳ ಮುಂದೆ ಬರೇ ಗೈರು. ಸಂಘದ ಮೊದಲ ಕೆಲಸ ಅಲ್ಲಿ ನಡೆದು ದಾಟಲಿಕ್ಕೆ ಒಂದು ಮರದ ಸಂಕ ಹಾಕುವುದು ಅಂತ ನಿಶ್ಚಯವಾಯಿತು. ಏಳೆಂಟು ಶನಿವಾರ ಇಡೀ ಚರ್ಚು ಹೊಳೆಯಲ್ಲಿತ್ತು. ಎರಡು ದೊಡ್ಡ ದಿಮ್ಮಿ, ಮೇಲೆ ಹಲಗೆ, ಹಿಡಿದುಕೊಳ್ಳಲಿಕ್ಕೆ ಒಂದು ಬದಿಗೆ ಬಿದಿರು.

ಉದ್ಘಾಟನೆಗೆ ಪಂಚಾಯತಿ ಅಧ್ಯಕ್ಷರು ಬಂದರು. ರಿಬ್ಬನ್ ಕಟ್ಟಿ ಆಯಿತು. ಕತ್ತರಿ ಹಿಡಿದುಕೊಂಡು ನಾನು ನಿಂತೆ. ಅಧ್ಯಕ್ಷರು ಒಳ್ಳೆ ಭಾರದ ಆಳು. ಸಂಕವನ್ನೊಮ್ಮೆ, ಕೆಳಗಿನ ನೀರನ್ನೊಮ್ಮೆ ನೋಡಿದರು.

"ಫಾದರ್, ನೀವು ಪ್ರಾರ್ಥನೆ ಮಾಡಿ ಮೊದಲು ನಡೀರಿ."

"ಛೆ, ಛೆ, ಊರಿಗೆ ದೊಡ್ಡವರು ತಾವು. ತಾವೇ ಮೊದಲು."

"ಹಾಗಲ್ಲ, ಕಟ್ಟಿದವರು ನೀವಲ್ವಾ?"

ಇವರ ಮರ್ಯಾದೆ ಹೀಗೆ ನಡೆಯುತ್ತಿರುವಾಗ ಆಚೆ ಬದಿಯಿಂದ ಒಬ್ಬಳು ಮುದುಕಿ ತಲೆಯ ಮೇಲೆ ಸೊಪ್ಪಿನ ಕಟ್ಟು ಹೊತ್ತುಕೊಂಡು ಧಡಧಡ ಸಂಕ ಹತ್ತಿದಳು. ನಡುವಿಗೆ ಬಂದಾಗಲೂ ನಿಲ್ಲಲಿಲ್ಲ. ರಿಬ್ಬನ್ ಅವಳ ಸೊಪ್ಪಿಗೆ ಸಿಕ್ಕಿ ಪಟ್ಟನೆ ಹರಿಯಿತು.

"ಎಂತ ದಾರಿಗೆ ಅಡ್ಡ ನಿಂತದ್ದು ಎಲ್ಲ?" ಅಂದಳು. ಮತ್ತೆ ತಿರುಗಿ, "ಸಂಕ ಒಳ್ಳೆದಾಗಿದೆ ಮಾರಾಯ್ರೆ. ಆದ್ರೆ ಬಿದಿರು ಒಂದೇ ಬದಿಗೆ ಹಾಕಿದ್ದು ಯಾಕೆ? ಹೋಗುವಾಗ ಬಲಗೈಗೆ ಸಿಗ್ತದೆ, ನಾವು ಹೋದವರು ವಾಪಸು ಬರುದು ಬೇಡ್ವಾ?"

ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಮರುದಿನವೇ ಇನ್ನೊಂದು ಬದಿಗೂ ಬಿದಿರು ಕಟ್ಟಿದೆವು. ಆ ಮಳೆಗಾಲ ಆಚೆಯ ಒಂದು ಮಗುವೂ ಶಾಲೆ ತಪ್ಪಿಸಲಿಲ್ಲ.

ಅಧ್ಯಕ್ಷರು ಮಾತ್ರ ಬರೆದು ತಂದ ಭಾಷಣವನ್ನು ಬಿಡಲಿಲ್ಲ. "ಈ ಸಂಕವನ್ನು ಉದ್ಘಾಟಿಸಲು ನನಗೆ ಬಹಳ ಸಂತೋಷವಾಗುತ್ತದೆ" ಅಂತ ಅವರು ಶುರು ಮಾಡುವಾಗ, ಉದ್ಘಾಟನೆ ಬೆನ್ನ ಹಿಂದೆ ರಿಬ್ಬನ್ ಎಳೆದುಕೊಂಡು ಗುಡ್ಡೆ ಹತ್ತಿ ಹೋಗಿ ಆಗಿತ್ತು.

ಮೆಣಸು ನೋಡಲಿಕ್ಕೆ ಬಂದವರು

ಮತ್ತೊಂದು ವರ್ಷ ಚರ್ಚಿನ ಹಾಲ್‌ನಲ್ಲಿ ಕಣ್ಣಿನ ಕ್ಯಾಂಪ್ ಇಟ್ಟೆವು. ಪುತ್ತೂರಿನಿಂದ ಡಾಕ್ಟರು ಬಂದಿದ್ದರು. ವಯಸ್ಸಾದವರನ್ನು ಬಸ್ಸಿನಿಂದ ಇಳಿಸಿ ಕೈಹಿಡಿದು ಕರೆತರಲಿಕ್ಕೆ ನಮ್ಮ ಇಬ್ಬರು ಗಟ್ಟಿ ಆಳುಗಳನ್ನು ನಿಲ್ಲಿಸಿದ್ದೆವು. ಯಾರನ್ನೂ ಬಿಡಬಾರದು ಅಂತ ಅಚ್ಚನ್ ಹೇಳಿದ್ದರು. ಅವರಿಬ್ಬರೂ ಬಿಡಲಿಲ್ಲ.

ಹತ್ತು ಗಂಟೆಯ ಬಸ್ಸಿನಿಂದ ಒಬ್ಬರು ಬ್ಯಾರಿ ವ್ಯಾಪಾರಿ ಇಳಿದರು. ದಾರಿಯ ಧೂಳು ಬಿದ್ದು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಇಬ್ಬರೂ ಆಚೆ ಈಚೆ ರಟ್ಟೆ ಹಿಡಿದರು.

"ಬನ್ನಿ ಸಾಹೇಬ್ರೆ, ಹೆದರುದು ಬೇಡ."

"ಬಿಡಿ ಮಾರಾಯ್ರೆ! ನಾನು ಕರಿಮೆಣಸು ನೋಡ್ಲಿಕ್ಕೆ ಬಂದವ!"

"ನೋಡ್ಲಿಕ್ಕೇ ಕರ್ಕೊಂಡು ಹೋಗುದು. ಇನ್ನು ಎಲ್ಲ ಸರಿ ಕಾಣ್ತದೆ."

ಹಾಲ್‌ನಲ್ಲಿ ಅವರಿಗೆ ಮಾತಾಡಲಿಕ್ಕೆ ಪುರಸೊತ್ತೇ ಸಿಗಲಿಲ್ಲ. ನರ್ಸ್ ತಲೆ ಹಿಂದಕ್ಕೆ ಬಾಗಿಸಿ ಎರಡು ಕಣ್ಣಿಗೂ ಮದ್ದು ಬಿಟ್ಟರು. ಅಲ್ಲಿಗೆ ಮುಗಿಯಿತು, ಎದುರು ಇರುವುದು ಕಂಬವೋ ಮನುಷ್ಯನೋ ಗೊತ್ತಾಗುತ್ತಿಲ್ಲ. ಮೆಣಸು ನೋಡುವುದು ಹೇಗೆ? ನಾನು ಹೋಗಿ ಕ್ಷಮೆ ಕೇಳಿದೆ. ಅವರು ನಾನಿಲ್ಲದ ಕಡೆಗೆ ಮುಖ ಮಾಡಿ, "ಪರವಾಗಿಲ್ಲ" ಅಂದರು. ನಮ್ಮ ಹೆಂಗಸರು ಗಂಜಿ, ಚಟ್ನಿ ಕೊಟ್ಟು ಕೂರಿಸಿದರು. ಮದ್ದು ಇಳಿದ ಮೇಲೆ ಡಾಕ್ಟರು ಪುನಃ ನೋಡಿ, "ಇವರಿಗೆ ಹತ್ತಿರದ್ದು ಕಾಣುವುದೇ ಇಲ್ಲ, ಕನ್ನಡಕ ಬೇಕು" ಅಂತ ಬರೆದುಕೊಟ್ಟರು.

ಎರಡು ವಾರ ಕಳೆದು ಕನ್ನಡಕ ಹಾಕಿಕೊಂಡು ಅವರು ನಮ್ಮ ಚರ್ಚಿನ ಹಿರಿಯರೊಬ್ಬರ ಅಂಗಳಕ್ಕೆ ಬಂದರು. ವರ್ಷವೂ ಅಲ್ಲೇ ಮೆಣಸು ಕೊಳ್ಳುವವರು. ಒಂದು ಮುಷ್ಟಿ ತೆಗೆದು ಅಂಗೈಯಲ್ಲಿ ಹರಡಿದರು. ಮೆಣಸನ್ನು ನೋಡಿದರು, ಯಜಮಾನರನ್ನು ನೋಡಿದರು, ಪುನಃ ಮೆಣಸನ್ನು ನೋಡಿದರು.

"ಇಷ್ಟು ವರ್ಷ ನೀವು ನನಗೆ ಕೊಟ್ಟದ್ದು ಇದನ್ನಾ?"

ಆದರೆ ಆ ವ್ಯಾಪಾರಿ ದೊಡ್ಡ ಮನಸ್ಸಿನವರು. ಮುಂದಿನ ಕ್ಯಾಂಪಿಗೆ ತಾವೇ ಒಂದು ಜೀಪು ತುಂಬ ಜನ ಕರೆತಂದರು. ಅದರಲ್ಲಿ ಕಣ್ಣು ಮಂಜಾದ ನಾಲ್ಕು ಮಂದಿ ಮೆಣಸಿನ ವ್ಯಾಪಾರಿಗಳಿದ್ದರು. ಅವರು ಇಳಿಯುವುದನ್ನು ನೋಡಿ ನಮ್ಮ ಹಿರಿಯರು, "ಅಚ್ಚಾ, ಸೇವೆ ಇಷ್ಟು ಜೋರಾಗಿ ಮಾಡ್ಬೇಕಾ?" ಅಂತ ಅಚ್ಚನ್ನರನ್ನು ಕೇಳಿದರಂತೆ.

ರಕ್ತಸಂಬಂಧ

ಒಂದು ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ನಮ್ಮ ನೆರೆಮನೆಯ ತುಳು ಮಾತಾಡುವ ಕುಟುಂಬದ ಸೊಸೆಯನ್ನು ಹೆರಿಗೆಗೆ ಪುತ್ತೂರಿಗೆ ಕೊಂಡುಹೋಗಿದ್ದರು. ಕಷ್ಟವಾಗಿದೆ, ತಕ್ಷಣ ರಕ್ತ ಬೇಕು. ಅಚ್ಚನ್ ಗಂಟೆ ಹೊಡೆಸಿದರು. ರಬ್ಬರ್ ಟ್ಯಾಪಿಂಗ್ ಮಾಡುವವರು, ಮರ ಕೊಯ್ಯುವವರು ಅಂತ ಹತ್ತು ಜನ ಬಲವಾದವರು ಜೀಪಿಗೆ ಹತ್ತಿದರು. ನಾನೂ ಹತ್ತಿದೆ. ಊಟದ ಪಾತ್ರೆ ಹಿಡಿದುಕೊಳ್ಳಲಿಕ್ಕೆ ಅಚ್ಚನ್ನರ ಅಡುಗೆಯವರನ್ನು ಕರೆದುಕೊಂಡೆವು. ಸಣಕಲು ಆಳು, ಬಾಯಿ ಮಾತ್ರ ಜೋರು.

ಆಸ್ಪತ್ರೆಯಲ್ಲಿ ಒಬ್ಬೊಬ್ಬರದೇ ಪರೀಕ್ಷೆ ಆಯಿತು. ಯಾರದೂ ಹೊಂದಲಿಲ್ಲ. ಆ ಹೆಂಗಸಿನ ಗಂಡ ಗೋಡೆಗೆ ಒರಗಿ ನಿಂತಿದ್ದ. ಪ್ರತಿ ಸಲ "ಇಲ್ಲ" ಅಂದಾಗಲೂ ಅವನು ಸ್ವಲ್ಪ ಕೆಳಗೆ ಜಾರುತ್ತಿದ್ದ.

"ಇನ್ನು ಯಾರಾದರೂ ಇದ್ದಾರಾ?" ಅಂತ ಕೇಳಿದರು. ನಾವೆಲ್ಲ ಅಡುಗೆಯವರನ್ನು ನೋಡಿದೆವು.

"ನಂದು ಬೇಡ. ನಂದರಲ್ಲಿ ಬರೇ ಖಾರ ಇರುದು" ಅಂದರು ಅವರು. ಆದರೆ ಹೇಳುತ್ತಲೇ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಅಂಗಿಯ ತೋಳು ಮಡಚಿದರು.

ಹೊಂದಿತು. ಸಂಜೆಯೊಳಗೆ ಹೆಣ್ಣುಮಗು ಹುಟ್ಟಿತು, ತಾಯಿಯೂ ಉಳಿದಳು. ಆ ಗಂಡ ಬಂದು ಅಡುಗೆಯವರ ಎರಡು ಕೈ ಹಿಡಿದುಕೊಂಡ. ಅಡುಗೆಯವರ ಬಾಯಿ ಕಟ್ಟಿದ್ದನ್ನು ನಾವು ಕಂಡದ್ದು ಅದೊಂದೇ ಸಲ.

ಆಮೇಲೆ ಅವರು ಆ ಮನೆಗೆ ನೆಂಟರೇ ಆಗಿಬಿಟ್ಟರು. ಮಗುವಿಗೆ ಶೀತ ಆದರೆ ಇವರು ಕಷಾಯ ಹಿಡಿದುಕೊಂಡು ಹೋಗುವುದು, ಹಬ್ಬಕ್ಕೆ ಅಲ್ಲಿಂದ ಇವರಿಗೆ ಕಡುಬು ಬರುವುದು. ಹುಡುಗಿ ಒಂದನೇ ಕ್ಲಾಸಿಗೆ ನನ್ನ ಶಾಲೆಗೇ ಸೇರಿದಳು. ಲೆಕ್ಕದಲ್ಲಿ ಸ್ವಲ್ಪ ಹಿಂದೆ. ಅದು ಗೊತ್ತಾದ ದಿನ ಅಡುಗೆಯವರು ಶಾಲೆಗೆ ಬಂದರು. ಹಾಜರಿ ಪುಸ್ತಕದ ಮೇಲೆ ಕೈಯಿಟ್ಟು ತುಂಬ ಗಂಭೀರವಾಗಿ ಹೇಳಿದರು:

"ಮೇಷ್ಟ್ರೆ, ಅದು ನಮ್ಮ ಕಡೆಯಿಂದ ಬಂದದ್ದಲ್ಲ. ಅಪ್ಪನ ಕಡೆಯದ್ದು."

ಪ್ರತಿ ಮನೆಯಿಂದ ಒಂದು

ಈಗ ಹೇಳುವುದರಲ್ಲಿ ತಪ್ಪು ಪೂರ್ತಿ ನನ್ನದು.

ಎಂಬತ್ತರ ದಶಕದಲ್ಲಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬರು ನಮ್ಮ ಚರ್ಚಿಗೆ ಬಂದರು. ಊರಿನ ಎಲ್ಲ ಮಕ್ಕಳಿಗೆ ಚುಚ್ಚುಮದ್ದು ಹಾಕಬೇಕು, ಸಂಘದವರು ಸಹಾಯ ಮಾಡಬೇಕು ಅಂದರು. ಪೂಜೆ ಮುಗಿದ ಮೇಲೆ ಅವರು ಕನ್ನಡದಲ್ಲಿ ಮಾತಾಡುವುದು, ಕನ್ನಡ ಬಾರದ ಹಿರಿಯರಿಗೆ ನಾನು ಮಲಯಾಳದಲ್ಲಿ ಹೇಳುವುದು ಅಂತಾಯಿತು.

ಮನೆಯಲ್ಲಿರುವವರ ಹೆಸರು, ಮಕ್ಕಳ ವಯಸ್ಸು ಬರೆದ ಪಟ್ಟಿ ಅವರಿಗೆ ಬೇಕಿತ್ತು. ಅವರು ಹೇಳಿದ್ದು ಇಷ್ಟು: "ಶನಿವಾರ ಪ್ರತಿ ಮನೆಯಿಂದ ಒಂದು ಪಟ್ಟಿ ತರಬೇಕು. ಪಟ್ಟಿ ಇಲ್ಲದಿದ್ದರೆ ಮಕ್ಕಳಿಗೆ ಚುಚ್ಚುಮದ್ದು ಇಲ್ಲ. ದೊಡ್ಡದಾದರೂ ಅಡ್ಡಿಯಿಲ್ಲ, ಸಣ್ಣದಾದರೂ ಅಡ್ಡಿಯಿಲ್ಲ. ಆದರೆ ಕೊಳಕಾಗಿರಬಾರದು, ಚೊಕ್ಕ ಇರಬೇಕು. ಬೇರೆ ಮನೆಯದ್ದು ತಂದರೆ ನಡೆಯುವುದಿಲ್ಲ."

ನಾನು ಎಲ್ಲವನ್ನೂ ಚೆಂದಕ್ಕೆ ಮಲಯಾಳ ಮಾಡಿದೆ. ದಿನಾ ಶಾಲೆಯಲ್ಲಿ ಹೇಳುವ ಶಬ್ದ ಅಲ್ವಾ, ‘ಪಟ್ಟಿ’ಯನ್ನು ಮಾತ್ರ ಹಾಗೇ ಬಿಟ್ಟೆ. ಮಲಯಾಳದಲ್ಲಿ ಅದಕ್ಕೆ ‘ಪಟ್ಟಿಕ’ ಅನ್ನಬೇಕು. ‘ಕ’ ಇಲ್ಲದ ಪಟ್ಟಿ ಅಂದರೆ ನಾಯಿ.

ಶನಿವಾರ ಇನ್ಸ್‌ಪೆಕ್ಟರೂ ನರ್ಸೂ ಮದ್ದಿನ ಪೆಟ್ಟಿಗೆ ಹಿಡಿದು ಬಂದಾಗ ಚರ್ಚಿನ ಅಂಗಳದಲ್ಲಿ ನಲವತ್ತಕ್ಕೆ ಕಡಿಮೆಯಿಲ್ಲದ ನಾಯಿಗಳಿದ್ದವು. ಎಲ್ಲದಕ್ಕೂ ಸ್ನಾನ ಆಗಿತ್ತು. ಕೆಲವಕ್ಕೆ ಪೌಡರ್ ಕೂಡ. ನಾಯಿ ಇಲ್ಲದ ಒಂದು ಮನೆಯವರು ಮಕ್ಕಳಿಗೆ ಮದ್ದು ತಪ್ಪೀತು ಅಂತ ಹೆದರಿ ನೆರೆಮನೆಯದ್ದನ್ನು ಎರವಲು ತಂದಿದ್ದರು. ಅದು ತಮ್ಮದೇ ಅಂತ ಕಾಣಲಿಕ್ಕೆ ಇಡೀ ಸಂಸಾರ ಸುತ್ತ ಕೂತು ತಲೆ ಸವರುತ್ತಿತ್ತು. ನಾಯಿ ಹಗ್ಗ ಎಳೆದು ಮನೆಗೆ ಓಡಲಿಕ್ಕೆ ನೋಡುತ್ತಿತ್ತು.

"ಎಂತ ಮೇಷ್ಟ್ರೆ ಇದು?" ಅಂತ ಇನ್ಸ್‌ಪೆಕ್ಟರ್ ಗೇಟಿನ ಹೊರಗಿನಿಂದಲೇ ಕೇಳಿದರು.

ನನಗಿಂತ ಮೊದಲು ಒಬ್ಬರು ಹಿರಿಯರು ಎದೆಯುಬ್ಬಿಸಿ ಉತ್ತರ ಕೊಟ್ಟರು: "ಪಟ್ಟಿ, ಸಾರ್. ಒಂದು ಮನೆಯದ್ದೂ ಬಿಟ್ಟಿಲ್ಲ."

ಆಗ ನನಗೆ ಅರ್ಥವಾಯಿತು. ತಪ್ಪು ಒಪ್ಪಿಕೊಂಡೆ. ನರ್ಸ್ ನಕ್ಕು ನಕ್ಕು ಮೆಟ್ಟಿಲಿನ ಮೇಲೆ ಕೂತುಬಿಟ್ಟರು. ಸಂಘದವರು ನಾಯಿಗಳನ್ನೆಲ್ಲ ರಬ್ಬರ್ ಮರಗಳಿಗೆ ಕಟ್ಟಿದರು. ನಾನು ಮೇಜು ಹಾಕಿ ಕೂತು ಅಲ್ಲೇ ಎಲ್ಲ ಮನೆಗಳ ಹೆಸರು ಬರೆದೆ.

ನಲವತ್ತು ನಾಯಿಗಳು ಒಟ್ಟಿಗೆ ಬೊಗಳಿದರೆ ಸುಮ್ಮನೆಯಾ? ಏನು ಗಲಾಟೆ ಅಂತ ನೋಡಲಿಕ್ಕೆ ಸುತ್ತಲಿನ ತುಳುವರು, ಬ್ಯಾರಿಗಳು, ಎಲ್ಲ ಮನೆಯವರೂ ಮಕ್ಕಳನ್ನು ಎತ್ತಿಕೊಂಡೇ ಓಡಿ ಬಂದರು. ಬಂದವರ ಹೆಸರು ಬರೆದೆ, ನರ್ಸ್ ಮದ್ದು ಚುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಆ ಊರಿನಲ್ಲಿ ಚುಚ್ಚುಮದ್ದು ಆಗದ ಮಗು ಒಂದೂ ಉಳಿಯಲಿಲ್ಲ. "ಇಷ್ಟು ಜನ ನಾನು ಎಲ್ಲಿಯೂ ನೋಡಿಲ್ಲ ಮೇಷ್ಟ್ರೆ" ಅಂತ ಇನ್ಸ್‌ಪೆಕ್ಟರ್ ಕೈ ಕುಲುಕಿದರು. ನಾನು ತಲೆ ತಗ್ಗಿಸಿ ಆ ಹೊಗಳಿಕೆ ತೆಗೆದುಕೊಂಡೆ.

ಮುಂದಿನ ವರ್ಷ ಅವರು ಪುನಃ ಬಂದರು. ಈ ಸಲ ಬಹಳ ಜಾಗ್ರತೆ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: "ಎಲ್ಲರೂ ಮನೆಯಿಂದ ಒಂದು ಲಿಸ್ಟ್ ತನ್ನಿ. ಪಟ್ಟಿ ಬೇಡ. ಲಿಸ್ಟ್."

ನಾನು ಅದನ್ನೇ ಮಲಯಾಳದಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಹೊರಗೆ ಬರುವಾಗ ವಯಸ್ಸಾದ ಒಬ್ಬರು ಅಮ್ಮಚ್ಚಿ ನನ್ನ ತೋಳು ಹಿಡಿದು ಬದಿಗೆ ಎಳೆದು, ಮಗನನ್ನು ಕರೆದ ಹಾಗೆ ಮೆಲ್ಲ ಕೇಳಿದರು:

"ಮೋನೆ, ನಮ್ಮಲ್ಲಿ ಇರುದು ಬರೇ ಊರ ನಾಯಿ. ಈ ಲಿಸ್ಟ್ ಜಾತಿದು ಎಲ್ಲಿ ಸಿಗ್ತದೆ?"