ಮೇಷ್ಟ್ರ ಟ್ರಾನ್ಸ್‌ಮಿಟರಿಗೆ ಮೂರನೇ ಪರೀಕ್ಷೆ

ತಾವೇ ಕಟ್ಟಿದ ರೇಡಿಯೋ ಟ್ರಾನ್ಸ್‌ಮಿಟರು ಕೊನೆಗೂ ಶ್ರುತಿಗೆ ಕೂತಿತೆಂದು ಭೂಗೋಳದ ಮೇಷ್ಟ್ರು ಹೆಂಡತಿಯನ್ನೂ ಅತ್ತೆಯನ್ನೂ ಕರೆದು ಕುರ್ಚಿ ಹಾಕಿ ಕೂರಿಸಿದರು. ಪಕ್ಕದ ರಿಸೀವರಿನಲ್ಲಿ ಒಂದೇ ಎಳೆಯ ಸಿಳ್ಳು. "ಕೇಳಿದ್ರಾ? ಕೂದಲೆಳೆಯಷ್ಟೂ ಅಲುಗ್ತಿಲ್ಲ!" ಎಂದವರು, ತಂತಿಯ ಸುರುಳಿಯ ಪಕ್ಕದಲ್ಲಿದ್ದ ಕೈಯೆತ್ತಿ ಸಭೆಗೆ ನಮಸ್ಕರಿಸಿದರು. ಕೈ ದೂರವಾದದ್ದೇ ತಡ, ಬಾಲ ತುಳಿಸಿಕೊಂಡ ನಾಯಿಯಂತೆ ಸಿಳ್ಳು 'ಕುಂಯ್' ಎಂದು ಎತ್ತಲೋ ಓಡಿತು.

"ಎತ್ಕೊಂಡಿದ್ರೆ ಸುಮ್ನಿರತ್ತೆ, ಕೆಳಗಿಟ್ರೆ ಅಳತ್ತೆ," ಎಂದರು ಅತ್ತೆ. "ನಿಮ್ಮ ಕೂಸೇ, ಅಳಿಯಂದ್ರೇ, ಅನುಮಾನವಿಲ್ಲ."

ಮೇಷ್ಟ್ರು ಗಡಿಯಾರ ನೋಡಿದರು. ಹನ್ನೊಂದಕ್ಕೆ ಪರವಾನಗಿಯ ಇನ್ಸ್‌ಪೆಕ್ಟರು ಬರುವವರಿದ್ದರು. ಹಿಂದಿನ ಎರಡು ಪರೀಕ್ಷೆಗಳಲ್ಲೂ ಯಂತ್ರ ತನಗೆ ಗೊತ್ತುಮಾಡಿದ ಕಂಪನಾಂಕದ ಗೆರೆ ದಾಟಿ ಪರರ ಸೀಮೆಗೆ ನುಗ್ಗಿತ್ತು. ಇನ್ನೊಮ್ಮೆ ನುಗ್ಗಿದರೆ ಅರ್ಜಿ ವಜಾ. ಯಂತ್ರಕ್ಕೆ ಬೀಗ, ಎರಡು ವರ್ಷದ ಘೋರ ತಪಸ್ಸಿಗೆ ಅರಗಿನ ಮುದ್ರೆ. ಸುರುಳಿಗೆ ತಗಡಿನ ಡಬ್ಬ ಮುಚ್ಚಿದರೆ ಕೈಯ ಹಂಗು ತಪ್ಪುತ್ತಿತ್ತು. ಆದರೆ ಶ್ರುತಿಯನ್ನು ಮೊದಲಿನಿಂದ ಕೂರಿಸಬೇಕು. ಗಂಟೆ ಹತ್ತೂ ಐವತ್ತೈದು.

"ಅವರು ಹೋಗೋವರೆಗೂ ಕೈ ಅಲ್ಲೇ ಇಟ್ಕೊಂಡಿರ್ರೀ," ಎಂದಳು ಹೆಂಡತಿ. (ವೃತ್ತಿಯಲ್ಲಿ ಚುಚ್ಚುಮದ್ದಿನ ನರ್ಸು; ಮೇಷ್ಟ್ರು ಸೂಜಿಗೆ ಹೆದರಿ ಆಕೆಯ ಆಸ್ಪತ್ರೆಯ ಬೀದಿಯನ್ನೇ ತಪ್ಪಿಸಿ ಸುತ್ತಿಕೊಂಡು ಹೋಗುವವರು.)

ಇಟ್ಟರು. ಗೇಟು ಕಿರ್ರೆಂದಿತು. ಕೈ ನಡುಗಿತು, ಸಿಳ್ಳೂ ನಡುಗಿತು. ಬೂಟಿನ ಸದ್ದು ಹತ್ತಿರವಾದಂತೆ ಅದು ಗಂಟಲು ಮುಕ್ಕಳಿಸತೊಡಗಿತು. (ಕಂಪನಾಂಕ ತಿದ್ದಲು ಹೊರಟವರಿಗೆ ಕಂಪನವೇ ಗಂಟುಬಿತ್ತು.)

"ಕೈ ನನ್ನ ಮಾತೇ ಕೇಳ್ತಿಲ್ಲ ಕಣೇ!"

"ಯಾರು ತಾನೇ ಕೇಳ್ತಾರೆ? ಸರೀರಿ ಆಚೆ!" ಆಕೆ ಸುರುಳಿಯ ಬಳಿ ತನ್ನ ಕೈಯಿಟ್ಟು, ಒಂದಿಷ್ಟು ಹಿಂದೆ ಮುಂದೆ ಸರಿಸಿ ನಿಲ್ಲಿಸಿದಳು. ಸಿಳ್ಳು ಗೆರೆ ಎಳೆದಂತೆ ನಿಂತಿತು.

ಇನ್ಸ್‌ಪೆಕ್ಟರು ಮೀಟರು ತೆರೆದು ಕೂತರು. ಐದು ನಿಮಿಷ. ಹತ್ತು ನಿಮಿಷ. ಅಂಕಿ ಅಲುಗಲಿಲ್ಲ, ಆಕೆಯೂ ಅಲುಗಲಿಲ್ಲ. ಗೋಡೆಗೊರಗಿದ್ದ ಮೇಷ್ಟ್ರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಅಮ್ಮಾ, ಕೈ ಸ್ವಲ್ಪ ತೆಗೀತೀರಾ?"

"ಬೇಡ ಸಾರ್!" ಎಂದು ಕಿರುಚಿದರು ಮೇಷ್ಟ್ರು. ಕಿರುಚಿದ ಮೇಲೆ ಇನ್ನೇನು, ನಡೆದದ್ದೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಕೊಂಡರು. ಇನ್ಸ್‌ಪೆಕ್ಟರು ಆಕೆಯ ಕೈಯನ್ನೂ ಇವರ ಕೈಯನ್ನೂ ನೋಡಿ ಅರ್ಜಿಯ ಹಾಳೆ ಬಿಡಿಸಿದರು.

"ಪರವಾನಗಿ... ಸಿಗತ್ತಾ ಸಾರ್?"

"ಸಿಗತ್ತೆ, ಒಂದು ತಿದ್ದುಪಡಿ ಇದೆ. 'ಯಂತ್ರ ನಡೆಸುವವರು' ಅನ್ನೋ ಕಡೆ ಅಮ್ಮನವರ ಹೆಸರು ಬರೀರಿ," ಎಂದು ಇನ್ಸ್‌ಪೆಕ್ಟರು ಪೆನ್ನು ಚಾಚಿದರು. "ಕೆಳಗೆ 'ಅಡಚಣೆಯ ಮೂಲ' ಅಂತೊಂದು ಕಾಲಂ ಇದೆ. ನೀವು ಅಲ್ಲಿಗೆ ಬರ್ತೀರಿ."