ಅಜ್ಜ ಹಿಡಿದ ಸೀಟುಗಳು

ನಮ್ಮ ಅಜ್ಜನಿಗೆ ಮುಂಬಯಿಯಲ್ಲಿ ಚರ್ಚ್‌ಗೇಟಿನಿಂದ ಬೊರಿವಲಿಯವರೆಗೆ ಆಸ್ತಿ ಇತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಆದರೆ ಇತ್ತು! ಒಂದೊಂದೂ ಒಬ್ಬ ಮನುಷ್ಯ ಕೂರುವಷ್ಟು ಅಗಲದ್ದು. ಕಿಟಕಿ ಪಕ್ಕದ್ದೂ ಇತ್ತು, ಬಾಗಿಲ ಹತ್ತಿರದ್ದೂ ಇತ್ತು, ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರು ಅರ್ಧಂಬರ್ಧ ಕೂರುವ, ಮುಂಬಯಿಯ ಲೋಕಲ್ ರೈಲಿನವರು ಚೌಥೀ ಸೀಟ್ ಎನ್ನುವ ಆ ಬಡಪಾಯಿ ಜಾಗವೂ ಇತ್ತು. ಇಷ್ಟನ್ನೂ ಅವರು ಸಂಪಾದಿಸಿದ್ದು ಹೆಗಲ ಮೇಲಿನ ಕೆಂಪು ಚೌಕುಳಿ ಬೈರಾಸಿನಿಂದ. ಬೈರಾಸು ಎಂದರೆ ನಮ್ಮ ಉಡುಪಿ ಕಡೆಯ ಟವೆಲ್ಲು. ಅದರಲ್ಲಿ ಮೈ ಒರೆಸಿಕೊಳ್ಳಬಹುದು, ತಲೆಗೆ ಸುತ್ತಬಹುದು. ಆದರೆ ಅಜ್ಜನ ಪ್ರಕಾರ ಅದನ್ನು ನೇಯ್ದದ್ದೇ ಬಸ್ಸಿನ ಕಿಟಕಿಯಿಂದ ಒಳಗೆಸೆದು ಸೀಟು ಹಿಡಿಯುವುದಕ್ಕೆ.

ಊರಿನ ಬಸ್ಸುಗಳಲ್ಲಿ ಈ ಕಾನೂನಿಗೆ ಎದುರಾಡುವವರಿರಲಿಲ್ಲ. ಬೈರಾಸು ಬಿದ್ದ ಸೀಟು ಬೈರಾಸಿನವನದ್ದು. ಮೀಸೆ ಚಿಗುರುವ ಮೊದಲೇ, ಯಕ್ಷಗಾನ ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಮಂಗಳೂರಿನಲ್ಲಿ ಬೊಂಬಾಯಿಯ ಹಡಗು ಹತ್ತಿದ ಅಜ್ಜ, ಈ ಕಾನೂನನ್ನೂ ಜೊತೆಗೇ ಹತ್ತಿಸಿಕೊಂಡು ಬಂದರು. ಡೆಕ್ಕಿನ ಮೇಲೆ ಒಳ್ಳೆಯ ನೆರಳು ನೋಡಿ ಬೈರಾಸು ಹಾಸಿದ್ದರಂತೆ. ಅಷ್ಟರಲ್ಲಿ ಕಂಕುಳಲ್ಲೊಂದು, ಕೈಯಲ್ಲೊಂದು ಮಗು ಹಿಡಿದ ಹೆಂಗಸು ಬಂದಳು. ಜಾಗ ಅವಳಿಗೆ ಹೋಯಿತು.

"ಅರಬೀ ಸಮುದ್ರವನ್ನು ನಿಂತುಕೊಂಡೇ ದಾಟಿದವ ನಾನೊಬ್ಬನೇ," ಎಂದು ಅಜ್ಜ ಕೊನೆಯವರೆಗೂ ಕೊಚ್ಚಿಕೊಳ್ಳುತ್ತಿದ್ದರು. ಹಡಗು ದಡದ ಪಕ್ಕದಲ್ಲೇ ಬಂದದ್ದಲ್ಲವೇ, ದಾಟಿದ್ದೆಲ್ಲಿ ಎಂದು ಕೇಳಿದರೆ ಅವರಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸುತ್ತಿರಲಿಲ್ಲ.

ಅಜ್ಜನ ಹುಚ್ಚು ಇದೇ ನೋಡಿ. ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ, ಹಿಡಿದ ಸೀಟಿನಲ್ಲಿ ಅವರು ಕೂತದ್ದನ್ನು ಕಂಡವರೂ ಇಲ್ಲ. ಎಲ್ಲಿಗೆ ಹೊರಟರೂ ಅವರದು ಒಂದೇ ಮಾತು. "ನಾನು ಮುಂದೆ ಹೋಗಿ ಸೀಟು ಹಿಡಿದಿರ್ತೇನೆ, ನೀವೆಲ್ಲ ನಿಧಾನ ಬನ್ನಿ." ನಾವು ನಿಧಾನ ಹೋಗುವಷ್ಟರಲ್ಲಿ ನಮಗೆಲ್ಲ ಸೀಟು ಸಿದ್ಧ. ಅವರ ಸೀಟಿನಲ್ಲಿ ಮಾತ್ರ ಯಾರೋ ಗುರುತಿಲ್ಲದ ಮುದುಕರು ಆರಾಮವಾಗಿ ತೂಕಡಿಸುತ್ತಿದ್ದರು.

ಇದರಿಂದ ನಿಜವಾಗಿ ನೊಂದವರು ಅಜ್ಜಿ. ಮದುವೆಯ ದಿನವೇ ಶುರುವಾಯಿತಂತೆ. ದಿಬ್ಬಣದ ಬಸ್ಸಿಗೆ ಎಲ್ಲರಿಗಿಂತ ಮೊದಲು ಓಡಿದವರು ಸ್ವತಃ ಮದುಮಗ! ಬೈರಾಸು ಎಸೆದು ಜೋಡಿ ಸೀಟು ಹಿಡಿದದ್ದೇನೋ ಸರಿ. ಕಿಟಕಿ ಪಕ್ಕ ಮದುಮಗಳನ್ನು ಕೂರಿಸಿದ್ದೂ ಸರಿ. ಅಷ್ಟರಲ್ಲಿ ಅಜ್ಜಿಯ ಸೋದರಮಾವ, ಸೊಂಟ ಹಿಡಿದುಕೊಂಡು ಹತ್ತಿದರು. ಹೊಸ ಹೆಂಡತಿಯ ಪಕ್ಕ ಸೋದರಮಾವನನ್ನು ಕೂರಿಸಿ, ಅಜ್ಜ ಪೇಟ ಸುತ್ತಿಕೊಂಡೇ ಕಂಬಿ ಹಿಡಿದು ಮನೆಯವರೆಗೆ ನಿಂತು ಬಂದರು.

"ಜೀವಮಾನದಲ್ಲಿ ಒಮ್ಮೆ ಇವರ ಪಕ್ಕ ಕೂತು ಹೋಗ್ಬೇಕು ಅಂತ ಆಸೆ ಮಾರಾಯ್ತಿ," ಎಂದು ಅಜ್ಜಿ ನನ್ನ ಹತ್ತಿರ ಹೇಳುತ್ತಿದ್ದರು. "ಬೇರೆ ಬಂಗಾರ ಗಿಂಗಾರ ಎಂತದೂ ಬೇಡ ನಂಗೆ."

ಗ್ರಾಂಟ್ ರೋಡಿನಲ್ಲಿ ಅಜ್ಜ ಕೆಲಸಕ್ಕಿದ್ದ ಹೋಟೆಲಿನಲ್ಲೂ ಇದೇ ಕತೆ. ಜನ ತುಂಬಿ ತುಳುಕುವ ಮಧ್ಯಾಹ್ನ, ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ ಬೈರಾಸು! ಧಣಿಗೆ ಸಿಟ್ಟು ನೆತ್ತಿಗೇರಿತು.

"ಎಂತದೋ ಇದು? ಗಿರಾಕಿಗಳು ನಿಂತಿದ್ದಾರೆ, ಕುರ್ಚಿ ಖಾಲಿ ಉಂಟು."

"ಬರುವವರೂ ಗಿರಾಕಿಯೇ ಅಲ್ವಾ ಧಣಿ."

ಅದೇ ಹೋಟೆಲಿನಿಂದ ಒಮ್ಮೆ ಗೋರೆಗಾಂವ್‌ನ ಶೂಟಿಂಗಿಗೆ ಊಟ ಒಯ್ದಿದ್ದರು. ಬಿಸಿಲಲ್ಲಿ ಲೈಟು ಹೊತ್ತು ನಿಂತ ಒಬ್ಬನನ್ನು ಕಂಡು ಕರುಳು ಚುರ್ ಎಂದಿತು. ಹತ್ತಿರದಲ್ಲೇ ಕೊಡೆಯಡಿ ಒಂದು ಒಳ್ಳೆಯ ಕುರ್ಚಿ ಖಾಲಿ ಇತ್ತು. ಬೈರಾಸು ಬಿತ್ತು. ಅದು ಡೈರೆಕ್ಟರ ಕುರ್ಚಿ ಎಂದು ಅಜ್ಜನಿಗೇನು ಗೊತ್ತು? ಡೈರೆಕ್ಟರ್ ಬಂದು, ಇದು ಯಾರದ್ದು ಎಂದು ಕೇಳಿದಾಗ ಇಡೀ ಸೆಟ್ಟು ಉಸಿರು ಬಿಗಿ ಹಿಡಿಯಿತಂತೆ. ಅಜ್ಜ ಮಾತ್ರ ಸಾರು ಬಡಿಸುತ್ತಲೇ, ಜನ ಬರ್ತಾ ಇದ್ದಾರೆ ಎಂದು ತಮ್ಮ ಹಿಂದಿಯಲ್ಲಿ, "ಆದ್ಮಿ ಆತಾ ಹೈ," ಎಂದರು. ಡೈರೆಕ್ಟರ್ ಗೌರವದಿಂದ ಸ್ವಲ್ಪ ಹೊತ್ತು ನಿಂತೇ ಇದ್ದರಂತೆ!

ಆಮೇಲೆ ನಗು ತಡೆಯಲಾರದೆ ಅಜ್ಜನನ್ನೇ ಕೋರ್ಟಿನ ದೃಶ್ಯದಲ್ಲಿ ಜನರ ನಡುವೆ ಕೂರಿಸಿದರು. ಕೂರಿಸಿದರೆ ಕೂರುವ ಜನವೇ ಇದು? ಆ ಸಿನಿಮಾವನ್ನು ನಾವು ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇವೆ. ಎಲ್ಲರೂ ಕೂತ ಕೋರ್ಟಿನಲ್ಲಿ ಗೋಡೆಗೊರಗಿ ನಿಂತವರು ಒಬ್ಬರೇ. ಮುಖ ಕಾಣುವುದಿಲ್ಲ, ಹೆಗಲು ಮಾತ್ರ ಕಾಣುತ್ತದೆ, ಅದರ ಮೇಲೆ ಬೈರಾಸಿಲ್ಲ. ಎಲ್ಲಿ ಹಾಸಿದ್ದರೋ!

ಮುಂದೆ ಅಜ್ಜ ಮಲಾಡ್‌ನಲ್ಲಿ ಸ್ವಂತದ್ದೊಂದು ಸಣ್ಣ ಹೋಟೆಲು ಹಾಕಿ, ಅದನ್ನು ನಮ್ಮಪ್ಪನಿಗೆ ವಹಿಸಿ ನಿವೃತ್ತರಾದರು. ನಿವೃತ್ತರಾದ ಮೇಲೆಯೇ ಕೆಲಸ ಹೆಚ್ಚಾಯಿತು. ಬೆಳಗ್ಗೆ ಮಲಾಡ್‌ನಲ್ಲಿ ಲೋಕಲ್ ಹತ್ತಿ, ಮೊದಲು ಉಲ್ಟಾ ದಿಕ್ಕಿಗೆ ಬೊರಿವಲಿಗೆ ಹೋಗಿ, ಅಲ್ಲಿಂದ ಹೊರಡುವ ಖಾಲಿ ಗಾಡಿಯಲ್ಲಿ ಸೀಟು ಹಿಡಿದು ಬರುತ್ತಿದ್ದರು. ಹೋಗಬೇಕಾದ ಊರಂತೂ ಯಾವುದೂ ಇರಲಿಲ್ಲ. ನಾನು ಕಾಲೇಜಿಗೆ ಅವರ ಜೊತೆಗೇ ಹೋಗುತ್ತಿದ್ದೆ. ನನ್ನ ಪಕ್ಕದ ಸೀಟಿನ ಮೇಲಿನ ಬೈರಾಸು ಕಂಡು ಒಬ್ಬ, ಇದು ಯಾರ ಸೀಟೆಂದು ಜಗಳಕ್ಕೆ ಬಂದದ್ದು ಈಗಲೂ ನೆನಪಿದೆ.

"ಚಾಚಾ, ಯೇ ಕಿಸ್ಕಾ ಸೀಟ್ ಹೈ?"

"ಆದ್ಮಿ ಆತಾ ಹೈ."

"ಕೌನ್ ಆದ್ಮಿ?"

"ಅಭಿ ಮಾಲೂಮ್ ನಹೀ."

ಬರುವವರು ಯಾರೆಂದು ಇನ್ನೂ ಗೊತ್ತಿಲ್ಲವಂತೆ! ಡಬ್ಬಿಯೆಲ್ಲ ನಕ್ಕಿತು. ಗೋರೆಗಾಂವ್ ಬಂದಾಗ ಅಜ್ಜನಿಗೆ ಮಾಲೂಮಾಯಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲಿ ಹತ್ತಿದ್ದಳು. ಜಗಳಕ್ಕೆ ಬಂದವನೇ ದಾರಿ ಬಿಡಿಸಿ ಅವಳನ್ನು ಕರೆತಂದ. ನಾಚಿಕೆಯಿಂದ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ನನಗೆ ಆ ಹೊತ್ತಿಗೆ ಅಜ್ಜ ತುಂಬಾ ಎತ್ತರ ಕಂಡರು.

ಕಳೆದ ವರ್ಷ ಅಜ್ಜ ಆಸ್ಪತ್ರೆ ಸೇರಿದರು. ವಯಸ್ಸಾಗಿತ್ತು, ಹೃದಯ ದಣಿದಿತ್ತು, ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಮಾತಾಡಿದ್ದರು. ನಾನೂ ಅಜ್ಜಿಯೂ ವಾರ್ಡಿಗೆ ಹೋದರೆ ಮಂಚದ ಪಕ್ಕದಲ್ಲಿ ಇರಬೇಕಾದ ಒಂದೇ ಒಂದು ಸ್ಟೂಲು ಇಲ್ಲ. ಪಕ್ಕದ ಮಂಚದವರ ಹೆಂಡತಿ ಅದರ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು.

ಅಜ್ಜಿಗೆ ಎಂದೂ ಇಲ್ಲದ ಸಿಟ್ಟು ಬಂತು. "ಇಲ್ಲಿಯೂ ಬಿಟ್ಟುಕೊಟ್ರಾ? ನಾನು ಇಲ್ಲಿಯೂ ನಿಂತೇ ಇರ್ಬೇಕಾ?" ಎನ್ನುತ್ತಾ ಅತ್ತೇಬಿಟ್ಟರು.

ಅಜ್ಜ ಸಲೈನಿನ ಕೈಯನ್ನು ಜೋಪಾನ ಮಾಡಿಕೊಂಡು ಎದ್ದು ಕೂತು, ಗೋಡೆಯ ಬದಿಗೆ ಸರಿದರು. ದಿಂಬಿನಡಿಯಿಂದ ಬೈರಾಸು ಎಳೆದು, ಖಾಲಿಯಾದ ಜಾಗದಲ್ಲಿ ಹಾಸಿದರು.

"ಬಾ, ಕೂತ್ಕೋ. ಇದು ಯಾರಿಗೂ ಇಲ್ಲ."

ಅಜ್ಜಿ ಕೂತರು. ಇಬ್ಬರೂ ಎದುರಿನ ಗೋಡೆ ನೋಡುತ್ತಾ ಬಹಳ ಹೊತ್ತು ಹಾಗೇ ಕೂತಿದ್ದರು, ಬಸ್ಸಿನಲ್ಲಿ ಕೂತವರ ಹಾಗೆ. ನಾವು ಹೊರಡುವಾಗ ಅಜ್ಜ ತಮ್ಮ ಹಳೆಯ ಮಾತನ್ನೇ ಹೇಳಿದರು. "ನಾನು ಮುಂದೆ ಹೋಗಿ ಸೀಟು ಹಿಡಿದಿರ್ತೇನೆ, ನೀನು ನಿಧಾನ ಬಾ." ಅಜ್ಜಿ ಕಣ್ಣೊರೆಸಿಕೊಂಡು, "ಈ ಸಲ ಯಾರಿಗಾದ್ರೂ ಕೊಟ್ರೆ ನೋಡಿ ಮತ್ತೆ," ಎಂದರು. ಅಜ್ಜ ನಕ್ಕರು. ಮರುದಿನ ಬೆಳಗ್ಗೆ ಅವರು ಮುಂದೆ ಹೋದರು.

ಅಜ್ಜಿ ಹಾಸಿಗೆ ಹಿಡಿಯುತ್ತಾರೆಂದು ನಾವು ಹೆದರಿದ್ದೆವು. ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆದರೆ ಮೊನ್ನೆ ತಾವಾಗಿಯೇ, "ಗ್ರಾಂಟ್ ರೋಡಿಗೆ ಹೋಗಿ ಬರುವನಾ? ಇವರಿದ್ದ ಹೋಟೆಲು ನೋಡ್ಬೇಕು," ಎಂದರು. ಅಜ್ಜನ ಕ್ರಮದಂತೆಯೇ ಉಲ್ಟಾ ಬೊರಿವಲಿಗೆ ಹೋದೆವು. ಖಾಲಿ ಗಾಡಿ ಬಂದು ನಿಂತಿತು. ನಾನು ಸೀಟಿಗೆ ಓಡುವ ಮೊದಲೇ ಅಜ್ಜಿ ಚೀಲದಿಂದ ಕೆಂಪು ಬೈರಾಸು ತೆಗೆದು, ಬೆಂಚಿನಲ್ಲಿ ನಮ್ಮಿಬ್ಬರದ್ದು ಬಿಟ್ಟು ಮೂರನೆಯ ಜಾಗಕ್ಕೆ ಸರಿಯಾಗಿ ಬೀಳುವಂತೆ ಎಸೆದರು!

ಮಲಾಡ್ ಬರುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಹೊಟ್ಟೆ ಹೊತ್ತ ಬಸುರಿಯೊಬ್ಬಳು ತಳ್ಳಿಸಿಕೊಂಡು ನಮ್ಮ ಮುಂದೆ ಬಂದು, ಬೈರಾಸು ನೋಡಿ, ಯಾರಾದರೂ ಬರುವವರಿದ್ದಾರೇನೋ ಎಂದು ಅನುಮಾನದಿಂದ ಕೇಳಿದಳು.

"ಆಂಟಿ, ಕೋಯಿ ಆ ರಹಾ ಹೈ ಕ್ಯಾ?"

ಅಜ್ಜಿ ಬೈರಾಸಿನ ಮೇಲೊಮ್ಮೆ ಕೈಯಾಡಿಸಿ, ಅದನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, "ಬೈಠೋ ಬೇಟಾ, ಆರಾಮ್‌ಸೆ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವರು ಬರ್ಲಿಕ್ಕಿಲ್ಲ ಅಲ್ವಾ, ನಾನೇ ಹೋಗ್ಬೇಕು. ಅವಸರ ಎಂತದೂ ಇಲ್ಲ. ಸೀಟು ಹಿಡಿದಾಗಿದೆ."